ಕಾಯಕದ ತೋಳು ಮತ್ತು ಶಸ್ತ್ರವೈದ್ಯರ ಗೂಟ

(ನೀಲಗುಂದದಲ್ಲಿ ಶ್ರೀಮಠದ ಮಹೋತ್ಸವ ಸಭೆಯಲ್ಲಿ ಆದ ಉಪನ್ಯಾಸ)

 

ಶರಣಮತದಲ್ಲಿ ಕಾಯಕಕ್ಕಿರುವ ಸ್ಥಾನವು ಸರ್ವವಿದಿತವಾದುದು. ಕಾಯಕವು ಕಾಯದಿಂದಲೇ ಆಗತಕ್ಕದ್ದು; ಕಾಯದಲ್ಲಿಯೂ ಒಕ್ಕಲಿಗನಿಗೆ, ಹಮಾಲನಿಗೆ, ಕಲ್ಲುಕುಟಿಗನಿಗೆ ಮುಖ್ಯವಾದುದು ತೋಳು. ಚಾಲುಕ್ಯರ ಕಾಲದಲ್ಲಿ ಈ ಊರಿನ ಭೀಮೇಶ್ವರ ದೇಗುಲದ ಕಲ್ಲುಗಳನ್ನು ಕಡೆದು ನಿಲ್ಲಿಸಿದುವು ಇಂಥ ತೋಳುಗಳೇ. ಇಂದು ಹರಪನಹಳ್ಳಿಯ ಸೀಮೆಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಹೊರುವುವೂ ಇಂಥವೇ. ದುಡಿಯುವವನ ತೋಳು ಮೇಲಕ್ಕೇಳದೆ ಹೋದರೆ ಮನೆಯ ಒಲೆಯೇ ತಣ್ಣಗಾಗುವುದು. ಆದಕಾರಣ, ಎಲುಬಿನಿಂದ ಕಿತ್ತುಬಂದ ರಜ್ಜುವನ್ನು ಮರಳಿ ಎಲುಬಿಗೆ ಕೂಡಿಸುವ ಒಂದು ಚಿಕ್ಕ ಉಪಕರಣದ ವಿಚಾರವು ಈ ಸಭೆಗೆ ಹೊರತಾದುದಲ್ಲ.

ಹೆಗಲಿನ ಕೀಲು ದೇಹದ ಮಿಕ್ಕೆಲ್ಲ ಕೀಲುಗಳಿಗಿಂತ ಹೆಚ್ಚು ತಿರುಗತಕ್ಕದ್ದು. ತೋಳೆಲುಬಿನ ಗುಂಡನೆಯ ತಲೆಯು ಅಲ್ಲಿ ಆಳವಿಲ್ಲದ ಬಟ್ಟಲಿನಲ್ಲಿ ಕುಳಿತಿರುವುದು. ಅದು ಜಾರದಂತೆ ಹಿಡಿದಿರುವುವು ನಾಲ್ಕು ಮಾಂಸಖಂಡಗಳು. ಇವು ಹೆಗಲಿನ ಹಲಗೆಯೆಲುಬಿನಿಂದ ಹೊರಟು, ಕೊನೆಯಲ್ಲಿ ಬಿಳಿಯ ಹುರಿಗಳಾಗಿ, ತೋಳೆಲುಬಿನ ತಲೆಗೆ ಅಂಟಿಕೊಂಡಿವೆ. ಆ ಹುರಿಗಳಿಗೆ ಸ್ನಾಯುರಜ್ಜುಗಳೆಂದು ಹೆಸರು. ಕೈಯೂರಿ ಬಿದ್ದಾಗ, ಭಾರವನ್ನು ಥಟ್ಟನೆ ಎತ್ತಿದಾಗ, ಇಲ್ಲವೆ ವಯಸ್ಸಿನ ಸವೆತದಿಂದ, ರಜ್ಜುವು ಎಲುಬಿನಿಂದ ಕಿತ್ತುಬರುವುದುಂಟು. ಆಗ ತಲೆ ಬಾಚಲು ಕೈ ಏಳದು. ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದು. ಎಕ್ಸ್‌ರೇ ಚಿತ್ರದಲ್ಲಿ ಎಲುಬು ಮುರಿದಿಲ್ಲವೆಂದು ಕಂಡೊಡನೆ ಅನೇಕರು ಸಮಾಧಾನಪಡುವರು. ಆದರೆ ರಜ್ಜುವು ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಪರೀಕ್ಷೆಯಾಗಬೇಕು.

ಗಾಯವನ್ನು ಹೊಲಿಯುವ ವಿದ್ಯೆಯು ಭರತಖಂಡಕ್ಕೆ ಹೊಸತಲ್ಲ. ಸೂಜಿಗಳ ಆಕಾರವನ್ನೂ ದಾರಗಳ ಬಗೆಯನ್ನೂ ಸುಶ್ರುತ ಸಂಹಿತೆಯು ವಿವರಿಸಿದೆ. ಆದರೆ ಚರ್ಮಕ್ಕೆ ಚರ್ಮವನ್ನು ಹೊಲಿಯುವುದು ಬೇರೆ, ಎಲುಬಿಗೆ ರಜ್ಜುವನ್ನು ಹೊಲಿಯುವುದು ಬೇರೆ. ಬೋಸ್ಟನ್ ನಗರದ ಶಸ್ತ್ರವೈದ್ಯ ಕಾಡ್‌ಮನ್ನನು ಹೆಗಲಿನ ಹರಿದ ರಜ್ಜುವನ್ನು ಸರಿಪಡಿಸಿದ ವೃತ್ತಾಂತವನ್ನು 1911ರಲ್ಲಿ ಪ್ರಕಟಿಸಿದನು. ಹೆಗಲು ಮತ್ತೆ ಮತ್ತೆ ತಪ್ಪಲು ಬಟ್ಟಲಿನ ಅಂಚು ಕಿತ್ತುಹೋಗಿರುವುದೇ ಕಾರಣವೆಂದು ಲಂಡನ್ನಿನ ಬ್ಯಾಂಕಾರ್ಟನು 1923ರಲ್ಲಿ ಬರೆದನು. ಆ ಕಾಲದಲ್ಲಿ ಎಲುಬಿನಲ್ಲಿ ಸುರಂಗಗಳನ್ನು ಕೊರೆದು, ಅವುಗಳೊಳಗೆ ದಾರವನ್ನು ಪೋಣಿಸಿ ಕಟ್ಟಬೇಕಾಗಿತ್ತು. ಅದು ಇಕ್ಕಟ್ಟಾದ ಜಾಗದಲ್ಲಿ ಬಹು ಪ್ರಯಾಸದ ಕೆಲಸವಾಗಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಅಮೇರಿಕೆಯ ಗೋಬಲ್ ಮತ್ತು ಸಾಮರ್ಸ್ ಎಂಬವರು ದಾರ ಕಟ್ಟಿದ ಪುಟ್ಟ ಗೂಟವೊಂದನ್ನು ಕಲ್ಪಿಸಿದರು. ಅದಕ್ಕೆ ಸೂಚರ್ ಆಂಕರ್ ಎಂದು ಹೆಸರಾಯಿತು.

ಅದರ ರೀತಿಯು ಒಕ್ಕಲಿಗರಿಗೆ ತಿಳಿಯದುದಲ್ಲ. ನೆಲದಲ್ಲಿ ಗೂಟ ನೆಟ್ಟು, ಅದಕ್ಕೆ ಕಣ್ಣಿ ಕಟ್ಟಿ ಎತ್ತನ್ನು ನಿಲ್ಲಿಸುವಂತೆ, ಎಲುಬಿನಲ್ಲಿ ಗೂಟವನ್ನು ಇಳಿಸಿ, ಅದರ ದಾರದಿಂದ ರಜ್ಜುವನ್ನು ಎಲುಬಿನ ಮೇಲೆ ಬಿಗಿದು ಕಟ್ಟುವರು. ಹೆಗಲಿನಲ್ಲಿ ಬಳಸುವ ಗೂಟದ ದಪ್ಪವು ಸಾಮಾನ್ಯವಾಗಿ ಐದು ಮಿಲಿಮೀಟರಿನ ಆಸುಪಾಸು. ಕೆಲವು ಟೈಟೇನಿಯಂ ಲೋಹದವು. ಕೆಲವು ದೇಹದಲ್ಲಿ ಕ್ರಮೇಣ ಕರಗುವ ಪದಾರ್ಥದವು. ಇತ್ತೀಚೆಗೆ ಬರೀ ದಾರದಿಂದಲೇ ಹೆಣೆದವೂ ಬಂದಿವೆ. ಟೆಕ್ಸಾಸಿನ ಶಸ್ತ್ರವೈದ್ಯ ಬರ್ಕ್‌ಹಾರ್ಟರು 1995ರಲ್ಲಿ ಹೊಲದ ತಂತಿಬೇಲಿಯ ಮೂಲೆಗಂಬವನ್ನು ಜಗ್ಗಿ ಹಿಡಿಯುವ ಕ್ರಮವನ್ನು ಕಂಡು, ಗೂಟವನ್ನು ಎಳೆತಕ್ಕೆ ಎದುರಾಗಿ ಓರೆಯಾಗಿ ನೆಡಬೇಕೆಂದು ಬರೆದರು. ಯಾವ ಕೋನವು ಮೇಲೆಂಬುದನ್ನು ಆ ಮೇಲಿನವರು ಮತ್ತೆ ಪರೀಕ್ಷಿಸಿ ಚರ್ಚಿಸಿದ್ದಾರೆ. ಆದರೆ ಬೇಲಿಯ ಕಂಬದಿಂದಲೂ ವೈದ್ಯವು ಪಾಠ ಕಲಿತುದು ಸ್ಮರಣೀಯವಾಗಿದೆ.

ಇಷ್ಟಾದರೂ ಒಂದು ಮಾತನ್ನು ಎಲ್ಲಕ್ಕಿಂತ ಮಿಗಿಲಾಗಿ ತಿಳಿಯತಕ್ಕದ್ದುಂಟು. ಗೂಟವು ವಾಸಿಮಾಡುವುದಿಲ್ಲ; ಹಿಡಿದುಕೊಳ್ಳುವುದು ಮಾತ್ರ. ರಜ್ಜುವು ಎಲುಬಿಗೆ ಬೆಸೆಯುವುದು ದೇಹದ ಸ್ವಂತ ಕೆಲಸ. ಅದಕ್ಕೆ ತಿಂಗಳುಗಳು ಬೇಕು. ಶಸ್ತ್ರಕ್ರಿಯೆಯಾದ ಮೇಲೆ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಡಬೇಕಾಗುವುದು ವಾಡಿಕೆ. ಅನಂತರ ಮೆಲ್ಲಮೆಲ್ಲನೆ ವ್ಯಾಯಾಮ. ಬಲ ಕೂಡಿಸುವ ಸಾಧನೆಯು ಸುಮಾರು ಮೂರು ತಿಂಗಳಾದ ಮೇಲೆ. ಭಾರದ ಕೆಲಸವು ಇನ್ನೂ ತಡವಾಗಿ. ನೋವು ಇಳಿಯಿತೆಂದು ಮೊದಲೇ ಚೀಲ ಹೊತ್ತರೆ ದಾರವು ರಜ್ಜುವನ್ನು ಕೊಯ್ದುಕೊಂಡು ಬರಬಹುದು. ಬೀಡಿಯೂ ಹತೋಟಿಯಿಲ್ಲದ ಮಧುಮೇಹವೂ ಈ ಬೆಸುಗೆಗೆ ವಿರೋಧಿಗಳು.

ತಡಮಾಡುವುದೂ ಅಷ್ಟೇ ಹಾನಿಕರವಾದುದು. ರಜ್ಜುವೆಲ್ಲ ಹರಿದುದನ್ನು ಬಹುಕಾಲ ಬಿಟ್ಟರೆ ಅದು ಹಿಂದಕ್ಕೆ ಸರಿಯುವುದು, ಮಾಂಸಖಂಡವು ಸೊರಗಿ ಅದರೊಳಗೆ ಕೊಬ್ಬು ತುಂಬುವುದು. ಆ ಮೇಲೆ ಎಷ್ಟು ಒಳ್ಳೆಯ ಗೂಟವಿದ್ದರೂ ಅದಕ್ಕೆ ಕಟ್ಟಲು ಗಟ್ಟಿಯಾದ ರಜ್ಜುವಿರದು. ಬಿದ್ದ ಮೇಲೆ ಕೈ ಏಳದಿದ್ದರೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸುತ್ತ ಕೂರಬಾರದು. ಎಲ್ಲ ಹರಿತಕ್ಕೂ ಶಸ್ತ್ರವು ಬೇಕೆಂದಲ್ಲ; ವ್ಯಾಯಾಮದಿಂದಲೇ ಗುಣವಾಗುವವರು ಬಹುಮಂದಿ. ಅದನ್ನು ನಿರ್ಣಯಿಸತಕ್ಕವರು ಬಲ್ಲ ವೈದ್ಯರು. ಈ ಸೀಮೆಯ ಎರಡು ಕಡೆ ವೈದ್ಯಕೀಯ ಮಹಾವಿದ್ಯಾಲಯಗಳಿವೆ: ಬಳ್ಳಾರಿಯದು 1961ರಲ್ಲಿಯೂ ದಾವಣಗೆರೆಯದು 1965ರಲ್ಲಿಯೂ ಆರಂಭವಾದುವು. ಎರಡನೆಯದು ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರನ್ನು ಹೊತ್ತಿರುವುದು ಮಠದ ಭಕ್ತರಿಗೆ ಅಭಿಮಾನದ ಸಂಗತಿ.

ಇನ್ನು ಉಳಿದಿರುವ ಪ್ರಶ್ನೆಯು ವೈದ್ಯರದಲ್ಲ, ಸಮಾಜದ್ದು. ದಿನಗೂಲಿಯವನಿಗೆ ವೈದ್ಯರು ಆರು ತಿಂಗಳು ಭಾರ ಹೊರಬೇಡವೆಂದರೆ ಆ ಆರು ತಿಂಗಳು ಅವನ ಮಕ್ಕಳಿಗೆ ಅನ್ನವೆಲ್ಲಿಯದು? ಹಸಿವೆಗೆ ಅಂಜಿ ಅವನು ಜೋಳಿಗೆಯನ್ನು ಬಿಚ್ಚಿದರೆ ಶಸ್ತ್ರವೈದ್ಯರ ಶ್ರಮವೂ ಖರ್ಚಾದ ಹಣವೂ ವ್ಯರ್ಥವೇ ಸರಿ. ದಾಸೋಹವೆಂಬ ಮಾತಿಗೆ ಇಲ್ಲಿ ನೇರವಾದ ಕೆಲಸವುಂಟು. ಅಂಥವನ ಹೊಲದ ಒಂದು ಹರಗಣಿಯನ್ನು ನೆರೆಯವರು ಮಾಡಿಕೊಡುವುದು, ಮನೆಗೆ ಕಾಳುಕಡಿ ಮುಟ್ಟಿಸುವುದು, ಕುಳಿತು ಮಾಡುವ ಹಗುರ ಕೆಲಸವೊಂದನ್ನು ತೋರಿಸುವುದು, ಇವು ದೊಡ್ಡ ಹಣದ ಕಾರ್ಯಗಳಲ್ಲ. ಎಲುಬಿನೊಳಗಿನ ಗೂಟವು ರಜ್ಜುವನ್ನು ಬೆಸೆಯುವ ತನಕ ಹಿಡಿದಿರುವಂತೆ, ಊರು ಆ ಮನೆಯನ್ನು ಅಷ್ಟು ತಿಂಗಳು ಹಿಡಿದಿರಲಿ. ಭಕ್ತರು ತಮ್ಮ ತಮ್ಮ ಓಣಿಗಳಲ್ಲಿ ಇದನ್ನು ಆರಂಭಿಸುವರೆಂದು ಈ ಸಭೆಯು ಆಶಿಸುತ್ತದೆ.