ಕುಸುಬಿ ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿ ಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



 ಕಾರ್ಯದರ್ಶಿಗಳು ಮನೆಗೆ ಬಂದು, "ಸಹಕಾರ ತತ್ವದ ಮೇಲೆ ಮಾತಾಡ್ರಿ" ಅಂದರು. ಅದರ ಮೇಲೆ ಮಾತಾಡುವವರು ವೇದಿಕೆಯ ಮೇಲೆ ಬೇಕಾದಷ್ಟು ಮಂದಿ ಇದ್ದಾರೆ. ನಾವು ಕಲಿತದ್ದೆಲ್ಲ ಎರಿ ಹೊಲದಾಗ. ಅದಕ್ಕೆ "ಕುಸುಬಿ ಬಗ್ಗೆ ಮಾತಾಡ್ತೀವಿ" ಅಂದೆವು. ಅವರು ನಕ್ಕು, "ಅದನ್ನ ಈಗ ಯಾರು ಬೆಳೀತಾರ್ರಿ?" ಅಂದರು. ಯಾರೂ ಬೆಳೆಯುವುದಿಲ್ಲ ಅನ್ನುವುದೇ ನಮ್ಮ ಮಾತಿಗೆ ಕಾರಣ ಅಂತ ಹೇಳಿ ಒಪ್ಪಿಸಿದೆವು.

ಐವತ್ತು ದಾಟಿದವರಿಗೆ ನೆನಪಿರಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ಸುತ್ತಲೂ ಬದುವಿನ ಗುಂಟ ಕುಸುಬಿ, ಒಳಗೆ ಬಿಳಿಜೋಳ, ಜೋಳದ ನಡುನಡುವೆ ಮತ್ತೆ ಕುಸುಬಿಯ ಅಕ್ಕಡಿ ಸಾಲು. ಸಂಕ್ರಾಂತಿ ಹೊತ್ತಿಗೆ ಹೂ ಬಿಡುತ್ತಿತ್ತು. ಅರಳುವಾಗ ಹಳದಿ, ಬಾಡುತ್ತಾ ಬಂದಂತೆ ಕೆಂಪು. ದೂರದಿಂದ ನೋಡಿದರೆ ಹೊಲಕ್ಕೆ ಯಾರೋ ಅಂಚು ಹೊಲಿದಂತೆ ಕಾಣುತ್ತಿತ್ತು. ಆ ಅಂಚು ದಾಟಿ ದನ ಬರುತ್ತಿರಲಿಲ್ಲ. ಚಿಗರಿ ಹಿಂಡು ಬಂದರೂ ಮೂತಿ ಇಟ್ಟು ಹಿಂದಕ್ಕೆ ಸರಿಯುತ್ತಿತ್ತು. ತಂತಿಬೇಲಿಗೆ ರೊಕ್ಕ ಎಲ್ಲಿತ್ತು ಆಗ? ಬೇಲಿಯೇ ಬೆಳೆ, ಬೆಳೆಯೇ ಬೇಲಿ.

ಗಿಡದ ಜಾತಿ ಹೇಳಬೇಕೆಂದರೆ ಇದು ಸೇವಂತಿಗೆ, ಸೂರ್ಯಕಾಂತಿ, ಗುರೆಳ್ಳು ಇವುಗಳ ಬಳಗದ್ದೇ. ನಾವು ಒಂದು ಹೂ ಅನ್ನುವುದು ನಿಜವಾಗಿ ಹತ್ತಾರು ಸಣ್ಣ ಹೂಗಳ ಒಂದು ಗೊಂಚಲು. ಒಂದೊಂದು ಸಣ್ಣ ಹೂವಿಗೆ ಒಂದೊಂದು ಕಾಳು. ಶಾಸ್ತ್ರಜ್ಞರು ಈ ಕುಲಕ್ಕೆ ಕಾರ್ಥಮಸ್ ಅಂತ ಹೆಸರಿಟ್ಟಿದ್ದಾರೆ. ಈ ಮನೆತನದಲ್ಲಿ ಮುಳ್ಳಿಲ್ಲದವರು ಕಡಿಮೆ. ನಮ್ಮ ಕುಸುಬಿಯ ಒಬ್ಬ ದಾಯಾದಿ ಪಂಜಾಬ್ ಕಡೆ ಗೋಧಿ ಹೊಲದಲ್ಲಿ ಕಳೆಯಾಗಿ ಎದ್ದು ರೈತರನ್ನು ಗೋಳಾಡಿಸುತ್ತದೆ. ಇನ್ನೊಬ್ಬ ದಾಯಾದಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಕುರಿಗಾರರಿಗೆ ತಲೆನೋವಾಗಿದೆ. ಇಡೀ ಮನೆತನದಲ್ಲಿ ದುಡಿದು ಉಣಿಸುವವನು ಅಂದರೆ ನಮ್ಮ ಕುಸುಬಿಯೊಬ್ಬನೇ.

ನಮ್ಮದರ ಪೂರ್ತಿ ಹೆಸರು ಕಾರ್ಥಮಸ್ ಟಿಂಕ್ಟೋರಿಯಸ್. ಎರಡನೆಯ ಮಾತಿಗೆ ಬಣ್ಣಗಾರರಿಗೆ ಸೇರಿದ್ದು ಅಂತ ಅರ್ಥ. ಎಣ್ಣೆಯ ಮಾತೇ ಅದರಲ್ಲಿಲ್ಲ ನೋಡ್ರಿ. ಯಾಕೆಂದರೆ ಜಗತ್ತು ಇದನ್ನು ಬಹುಕಾಲ ಬೆಳೆದದ್ದು ಹೂವಿನ ಬಣ್ಣಕ್ಕೆ. ಈಜಿಪ್ಟಿನ ಪುರಾತನ ಸಮಾಧಿಗಳಲ್ಲಿ ಹೆಣದ ಜೊತೆ ಕುಸುಬಿ ಹೂವಿನ ಮಾಲೆ ಸಿಕ್ಕಿವೆ. ಜಪಾನಿನಲ್ಲಿ ಹೆಂಗಸರ ತುಟಿಗೆ ಹಚ್ಚುವ ಕೆಂಪು ಇದರಿಂದಲೇ ತಯಾರಾಗುತ್ತಿತ್ತು. ನಮ್ಮ ಸಂಸ್ಕೃತ ಪುಸ್ತಕಗಳಲ್ಲಿ ಬರುವ ಕುಸುಂಭ ಬಣ್ಣವೂ ಇದೇ. ತೆಗೆಯುವ ಕ್ರಮ ವಿಚಿತ್ರ. ಹೂವಿನ ಎಸಳನ್ನು ತಣ್ಣೀರಿನಲ್ಲಿ ಮೇಲಿಂದ ಮೇಲೆ ತೊಳೆದರೆ ಹಳದಿಯೆಲ್ಲ ಬಿಟ್ಟು ಹೋಗುತ್ತದೆ. ಉಳಿದ ಎಸಳನ್ನು ಸೋಡಾ ಇಲ್ಲವೆ ಬೂದಿ ತಿಳಿಯಲ್ಲಿ ನೆನೆ ಹಾಕಿದರೆ ಕೆಂಪು ಹೊರಗೆ ಬರುತ್ತದೆ. ಅದಕ್ಕೆ ಲಿಂಬಿ ಹುಳಿ ಹಿಂಡಿದರೆ ಆ ಕೆಂಪು ಬಟ್ಟೆಗೆ ಕೂಡುತ್ತದೆ. ಅವಿಭಜಿತ ಬಂಗಾಳದ ಢಾಕಾ ಕಡೆಯಿಂದ ಒಣಗಿದ ಹೂವು ಹಡಗು ಏರಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1856ರಲ್ಲಿ ಅಲ್ಲಿನ ಪರ್ಕಿನ್ ಎಂಬ ಹುಡುಗ ರಾಸಾಯನಿಕ ಬಣ್ಣ ಕಂಡುಹಿಡಿದ. ಮುಂದೆ ಅಂಥವು ಒಂದರ ಹಿಂದೊಂದು ಬಂದು ಹೂವಿನ ವ್ಯಾಪಾರ ಮಲಗಿತು. ಈಗ ಕುಸುಬಿ ಎಸಳನ್ನು ಕೇಸರಿ ಅಂತ ಹೇಳಿ ಮಾರುವ ಚಾಲಾಕಿಗಳು ಮಾತ್ರ ಉಳಿದಿದ್ದಾರೆ. ಪೇಟೆಗೆ ಹೋದಾಗ ಅಗ್ಗದ ಕೇಸರಿ ಕಂಡರೆ ಜ್ವಾಕಿ.

ಹೂವಿನ ವ್ಯಾಪಾರ ಮಲಗಿದ್ದಕ್ಕೆ ನಮ್ಮ ಸೀಮೆಯವರು ಅಳಲಿಲ್ಲ. ನಮಗೆ ಬೇಕಾಗಿದ್ದದ್ದು ಕಾಳು. ಎಳೆಯ ಎಲೆಗೆ ಇನ್ನೂ ಮುಳ್ಳು ಬಲಿತಿರುವುದಿಲ್ಲ, ಆಗ ಅದನ್ನು ಚಿವುಟಿ ತಂದರೆ ಪಲ್ಯ. ಕಾಳನ್ನು ನೆನೆ ಹಾಕಿ ರುಬ್ಬಿ ಹಾಲು ಹಿಂಡಿ, ಗೋಧಿ ಬೆಲ್ಲ ಕೂಡಿಸಿದರೆ ಕುಸುಬಿ ಹುಗ್ಗಿ. ನಮ್ಮ ಅವ್ವ ಬಾಣಂತಿ ಇದ್ದ ಮನೆಗೆಲ್ಲ ಅದನ್ನು ಗಿಂಡಿಯಲ್ಲಿ ಒಯ್ದು ಕೊಟ್ಟು ಬರುತ್ತಿದ್ದಳು. ಗಾಣದಲ್ಲಿ ಹಿಂಡಿದರೆ ಎಣ್ಣೆ. ಬಾವಿಯ ತೊಗಲಿನ ಚೀಲಕ್ಕೂ ಹಗ್ಗಕ್ಕೂ ಇದೇ ಎಣ್ಣೆಯನ್ನು ಕರಕು ಮಾಡಿ ಹಚ್ಚುತ್ತಿದ್ದರು. ಹೃದಯಕ್ಕೆ ಒಳ್ಳೆಯದೆಂದು ಪಟ್ಟಣದ ಡಾಕ್ಟರು ಹೇಳುವುದನ್ನೂ ಕೇಳಿದ್ದೇವೆ. ಎಣ್ಣೆ ಎಣ್ಣೆಯೇ, ಔಷಧವಲ್ಲ. ಆದರೆ ಅದರಲ್ಲಿ ಲಿನೋಲಿಕ್ ಆಮ್ಲ ಅನ್ನುವುದು ನೂರಕ್ಕೆ ಎಪ್ಪತ್ತಕ್ಕೂ ಮೇಲೆ ಇರುತ್ತದೆ ಅನ್ನುವುದು ಖರೆ.

ಈಗ ಬೇರಿನ ಮಾತು. ನಮ್ಮಂಥ ಮಳೆ ನಂಬಿದವರಿಗೆ ಇದೇ ಮುಖ್ಯ. ಬಿತ್ತಿದ ಮೊದಲ ತಿಂಗಳು ಕುಸುಬಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಹೊಸಬರು ನೋಡಿ, "ಇದು ಏಳಂಗಿಲ್ಲ ಬಿಡ್ರಿ" ಅಂತಾರೆ. ಮೇಲೆ ಸುಮ್ಮನಿದ್ದರೂ ಒಳಗೆ ತಾಯಿಬೇರು ಇಳಿಯುತ್ತಲೇ ಇರುತ್ತದೆ. ಆಳವಾದ ಎರಿ ಭೂಮಿಯಲ್ಲಿ ಆರೇಳು ಅಡಿ, ಅದಕ್ಕೂ ಕೆಳಗೆ ಹೋಗಿ ಹಸಿ ಹುಡುಕುತ್ತದೆ. ಜೋಳದ ಬೇರಿಗೆ ಎಟುಕದ ತೇವ ಅದಕ್ಕೆ ಸಿಗುತ್ತದೆ. 2018ರ ಹಿಂಗಾರಿ ಯಾರೂ ಮರೆತಿಲ್ಲ. ನಮ್ಮ ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೆ ಬಂದು ಸುರುಟಿತು, ಕಡಲೆ ಹೂ ಉದುರಿಸಿತು. ಬದುವಿನ ಮೇಲೆ ತಾನಾಗಿ ಎದ್ದಿದ್ದ ಹತ್ತಿಪ್ಪತ್ತು ಕುಸುಬಿ ಗಿಡ ಮಾತ್ರ ಹೂ ಬಿಟ್ಟು ಕಾಳು ಕಟ್ಟಿದವು. ಅವತ್ತು ಆ ಬದುವಿನ ಮೇಲೆ ಕೂತು ನಮಗೆ ನಾಚಿಕೆಯಾಯಿತು.

ನಾಚಿಕೆ ಯಾಕೆ ಅಂದರೆ ಕುಸುಬಿಯನ್ನು ಕಿತ್ತು ಹಾಕಿದವರಲ್ಲಿ ನಾವೂ ಮೊದಲಿಗರು. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳಿನ ತಂತ್ರಜ್ಞಾನ ಮಿಷನ್ ಆರಂಭಿಸಿತು. ನಮ್ಮ ಕಡೆ ಸೂರ್ಯಕಾಂತಿ ಹಬ್ಬಿತು. ಮುಳ್ಳಿಲ್ಲ, ಬೇಗ ಬರುತ್ತದೆ, ಪೇಟೆಯಲ್ಲಿ ಕೊಳ್ಳುವವರಿದ್ದಾರೆ. ನಾವು ಚಾವಡಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಅದನ್ನೇ ಹೇಳಿದೆವು. 1994ರಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆಯಿತು, ಅಗ್ಗದ ಎಣ್ಣೆ ಹಳ್ಳಿ ಅಂಗಡಿಗೂ ಬಂತು, ಎಣ್ಣೆಕಾಳಿನ ಬೆಳೆಗಾರನ ಬೆನ್ನು ಮುರಿಯಿತು. 1997ರಿಂದ ಸೂರ್ಯಕಾಂತಿಗೆ ನಂಜು ರೋಗ ಬಡಿಯಿತು. ಅಷ್ಟೊತ್ತಿಗೆ ಕುಸುಬಿ ಬೀಜ ಯಾರ ಮನೆಯ ಗಡಿಗೆಯಲ್ಲೂ ಉಳಿದಿರಲಿಲ್ಲ. 1980ರ ದಶಕದ ಕೊನೆಗೆ ದೇಶದಲ್ಲಿ ಏಳು ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ಬೆಳೆ ಈಚಿನ ವರ್ಷಗಳಲ್ಲಿ ಒಂದು ಲಕ್ಷದ ಒಳಗೆ ಬಂದು ನಿಂತಿದೆ. ಅದರಲ್ಲಿ ಹೆಚ್ಚಿನದು ಮಹಾರಾಷ್ಟ್ರದಲ್ಲಿ ಮತ್ತು ನಮ್ಮಲ್ಲೇ. ದೇಶ ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿದೆ.

ಆದರೆ ಎಲ್ಲ ತಪ್ಪನ್ನೂ ತಾಳೆ ಎಣ್ಣೆಯ ತಲೆಗೆ ಕಟ್ಟಿದರೆ ಅದು ಅರ್ಧ ಸುಳ್ಳಾಗುತ್ತದೆ. ಮೊನ್ನೆ ಮಹಿಳಾ ಸ್ವಸಹಾಯ ಗುಂಪಿನವರ ಮುಂದೆ ಕುಸುಬಿಯ ಮಾತು ತೆಗೆದಾಗ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಕುಸುಬಿ ಛಲೋ, ಅದರ ಎಣ್ಣಿ ಛಲೋ ಅಂತೀರಿ. ಕೊಯ್ಯಾವ್ರು ಯಾರು? ನೀವs ಏನು?" ನಮ್ಮ ಬಾಯಿ ಕಟ್ಟಿತು.

ಕುಸುಬಿ ಕೊಯ್ಯುವುದೆಂದರೆ ಏನು ಅಂತ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಹೋಗಬೇಕು, ಮಂಜಿನಿಂದ ಮುಳ್ಳು ಮೆತ್ತಗಿರುವಾಗಲೇ ಕೊಯ್ಲು. ಬಿಸಿಲು ಏರಿತೆಂದರೆ ಒಂದೊಂದು ಎಲೆಯ ತುದಿಯೂ ಸೂಜಿ. ಕೈಗೆ ಕಾಲಿಗೆ ಗೋಣಿತಟ್ಟು, ಹಳೇ ಸೀರೆ ಸುತ್ತಿಕೊಂಡು ಹೆಂಗಸರು ಕೊಯ್ಯುತ್ತಿದ್ದರು. ಗಂಡಸರು ಕವಲುಗೋಲಿನಿಂದ ಎತ್ತಿ ಬಣವಿ ಹಾಕಿ ಮೇಲೆ ಕಲ್ಲು ಹೇರುತ್ತಿದ್ದರು. ಒಣಗಿದ ಮೇಲೆ ಬಡಿಗೆಯಿಂದ ಬಡಿಯುವುದು. ನಮ್ಮ ಮನೆಯಲ್ಲಿ ಸುಗ್ಗಿ ದಿನಗಳಲ್ಲಿ ರೊಟ್ಟಿ ಹಿಟ್ಟು ನಾದಲು ಅವ್ವನಿಗೆ ಆಗುತ್ತಿರಲಿಲ್ಲ. ಬೆರಳ ಸಂದಿಯಲ್ಲಿ ಮುರಿದ ಮುಳ್ಳು ಬಾವು ಬಂದಿರುತ್ತಿತ್ತು. ಅದೇ ಕೂಲಿಗೆ ಕಡಲೆ ಕೀಳುವ ಕೆಲಸ ಸಿಕ್ಕಾಗ ಆಳುಗಳು ಕುಸುಬಿ ಹೊಲದ ಕಡೆ ತಿರುಗಿಯೂ ನೋಡಲಿಲ್ಲ. ಅದರಲ್ಲಿ ಅವರ ತಪ್ಪೇನಿದೆ? ದನ ಕಾಯುವ ಮುಳ್ಳಿನ ಗುಣಗಾನ ಮಾಡಿದ ನಾವು ಆ ಮುಳ್ಳು ಚುಚ್ಚಿದ್ದು ಯಾರ ಕೈಗೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆ ತಾಯಿಗೆ ಇವತ್ತು ಉತ್ತರ ಕೊಡುತ್ತೇವೆ. ಒಂದು, ಈಗ ಗೋಧಿ ಕೊಯ್ಯುವ ಕಂಬೈನ್ ಯಂತ್ರದಿಂದಲೇ ಕುಸುಬಿ ಕೊಯ್ಯಬಹುದು. ಕಾಳು ಬೇಗ ಸಿಡಿದು ಉದುರುವುದಿಲ್ಲವಾದ್ದರಿಂದ ಯಂತ್ರ ಬರುವವರೆಗೆ ನಾಲ್ಕು ದಿನ ಕಾದರೂ ನಷ್ಟವಿಲ್ಲ. ಎರಡು, ಮುಳ್ಳಿಲ್ಲದ ಕುಸುಬಿಯೂ ಬಂದಿದೆ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ ಸಂಶೋಧನಾ ಸಂಸ್ಥೆಯವರ 'ನಾರಿ-6' ಅಂಥದ್ದು. ಹೂ ಬಿಡಿಸುವವರಿಗೆ ಅದು ಬಹಳ ಅನುಕೂಲ. ಆದರೆ ಮುಳ್ಳಿಲ್ಲದ್ದನ್ನು ಬಿತ್ತಿದರೆ ದನ, ಚಿಗರಿ ಕಾಯಬೇಕಾಗುತ್ತದೆ ಅನ್ನುವುದೂ ನೆನಪಿರಲಿ. ಬದುವಿಗೆ ಮುಳ್ಳಿನದು, ಒಳಗೆ ಮುಳ್ಳಿಲ್ಲದ್ದು ಅಂತ ಜಾಣತನ ಮಾಡಿದರೆ ಜೇನುಹುಳ ಎರಡನ್ನೂ ಬೆರೆಸಿಬಿಡುತ್ತವೆ, ಅದರ ಕಾಳನ್ನು ಬೀಜಕ್ಕೆ ಇಡಬಾರದು. ನಮ್ಮ ಮನಸ್ಸು ಇನ್ನೂ ಹಳೇ ಅಣ್ಣಿಗೇರಿ-1ರ ಕಡೆಗೇ ಇದೆ. (ಕಡಲೆಯಲ್ಲೂ ಅಣ್ಣಿಗೇರಿ-1 ಇದೆ, ಕುಸುಬಿಯಲ್ಲೂ ಇದೆ. ಬೀಜ ತರುವಾಗ ಚೀಲ ಬಿಚ್ಚಿ ನೋಡಿ ತರ್ರಿ.)

ಬೇಸಾಯದ್ದು ಎರಡೇ ಮಾತು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಕೂರಿಗೆ ಹೂಡಬೇಕು. ತಡಮಾಡಿದಷ್ಟೂ ಕರಿಹೇನು ಹೆಚ್ಚು. ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು. ಒಂದೇ ಹೊಲಕ್ಕೆ ವರ್ಷವೂ ಹಾಕಿದರೆ ಸಿಡಿ ರೋಗ ನೆಲದಲ್ಲಿ ಕೂತುಬಿಡುತ್ತದೆ, ಜೋಳ ಕಡಲೆಗಳ ಜೊತೆ ಸರದಿ ಇರಲಿ.

ಇನ್ನು ಇದಕ್ಕೂ ಸಂಘಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ನಮ್ಮ ಅನುಭವ ಹೇಳುತ್ತೇವೆ. 2024ರ ಹಿಂಗಾರಿಗೆ ನಾವು ಹಟಕ್ಕೆ ಬಿದ್ದು ಎರಡು ಎಕರೆ ಕುಸುಬಿ ಬಿತ್ತಿದೆವು. ಆರು ಕ್ವಿಂಟಲ್ ಬಂತು. ಪೇಟೆಯ ಎಣ್ಣೆ ಗಿರಣಿಗೆ ಒಯ್ದರೆ ಅವರು, "ಆರು ಕ್ವಿಂಟಲಿಗೆ ಯಂತ್ರ ತೊಳೆದು ಹಾಕಾಕ ಆಗಂಗಿಲ್ರಿ, ಬೇರೆ ಕಾಳಿನ ಕೂಡ ಬೆರೆಸಿ ಹಿಂಡ್ಲೇನು?" ಅಂದರು. ನಾವು ಒಪ್ಪಲಿಲ್ಲ. 2025-26ರ ಮಾರಾಟ ಹಂಗಾಮಿಗೆ ಸರಕಾರ ಕುಸುಬಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 5,940 ರೂಪಾಯಿ. ಕಡಲೆಗೆ 5,650. ಕಾಗದದ ಮೇಲೆ ಕುಸುಬಿಯೇ ಮೇಲು. ಆದರೆ ಒಬ್ಬ ರೈತನ ಎಂಟು ಚೀಲಕ್ಕೆ ಖರೀದಿ ಕೇಂದ್ರ ಯಾರು ತೆರೆಯುತ್ತಾರೆ? ಕೊನೆಗೆ ಒಬ್ಬ ದಲಾಲರಿಗೆ ಅದಕ್ಕಿಂತ ಸಾಕಷ್ಟು ಕಡಿಮೆಗೆ ಕೊಟ್ಟು, ಬರುವಾಗ ಅದೇ ಪೇಟೆಯಲ್ಲಿ ತಾಳೆ ಎಣ್ಣೆಯ ಪಾಕೀಟು ಕೊಂಡುಕೊಂಡು ಬಸ್ಸು ಹತ್ತಿದೆವು. ಆ ಪಾಕೀಟು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಬ್ಬನೇ ಬೆಳೆದರೆ ಇದೇ ಗತಿ. ಐವತ್ತು ಮಂದಿ ಸದಸ್ಯರು ಎಕರೆಯಂತೆ ಬೆಳೆದರೆ ಎಕರೆಗೆ ಮೂರು ಕ್ವಿಂಟಲ್ ಹಿಡಿದರೂ ನೂರೈವತ್ತು ಕ್ವಿಂಟಲ್. ಆಗ ಕಂಬೈನ್ ಯಂತ್ರದವನು ತಾನಾಗಿ ಊರಿಗೆ ಬರುತ್ತಾನೆ. ಗಾಣದಲ್ಲಿ ಕಾಳಿನ ತೂಕದ ಕಾಲು ಭಾಗದಷ್ಟು ಎಣ್ಣೆ ಬರುತ್ತದೆ, ಅಂದರೆ ಮೂವತ್ತೇಳು ಕ್ವಿಂಟಲಿನ ಸುಮಾರು. ಉಳಿದದ್ದು ಹಿಂಡಿ. ಸಿಪ್ಪೆ ಸಮೇತ ಹಿಂಡಿದ್ದರಿಂದ ದನಕ್ಕೆ ಮಿತವಾಗಿ ಹಾಕಬೇಕು, ಹೆಚ್ಚಿದ್ದು ಹೊಲಕ್ಕೆ ಗೊಬ್ಬರ. ಇದರಲ್ಲಿ ಯಾರೂ ಸಾಹುಕಾರರಾಗುವುದಿಲ್ಲ. ಊರಿನ ಎಣ್ಣೆ ಊರಿನಲ್ಲಿ ಆಗುತ್ತದೆ, ಬರ ಬಂದ ವರ್ಷ ಒಂದು ಬೆಳೆಯಾದರೂ ಕೈಗೆ ಹತ್ತುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಳ್ಳಿ ಹಬ್ಬದ ನೆನಪಿಗೆ ಸಂಘದ ಅಂಗಳದ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕು ಅಂತ ಆಡಳಿತ ಮಂಡಳಿಯಲ್ಲಿ ಮಾತಾಗಿದೆ. ಕಮಾನು ಚಂದವೇ, ಅದರ ಮೇಲೆ ಎಲ್ಲರ ಹೆಸರೂ ಬರುತ್ತದೆ. ಆದರೆ ಅದೇ ನಿಧಿಯಲ್ಲಿ ಒಂದು ಸಣ್ಣ ಕರೆಂಟಿನ ಗಾಣ ಹಾಕಿಸಿ, ಹಳೇ ಗೊಬ್ಬರದ ಗೋದಾಮಿನಲ್ಲಿ ಕೂಡಿಸಿರಿ ಅಂತ ನಾವು ಲಿಖಿತವಾಗಿ ಕೇಳಿಕೊಂಡಿದ್ದೇವೆ. ಅಧ್ಯಕ್ಷರು, "ಐವತ್ತು ಮಂದಿ ಬೆಳೀತೀವಿ ಅಂತ ಬರೆದು ಕೊಟ್ರ ಸರ್ವಸಾಧಾರಣ ಸಭೆಗೆ ಇಡ್ತೀವಿ" ಅಂದಿದ್ದಾರೆ. ಅದು ನ್ಯಾಯದ ಮಾತೇ. ಗಾಣ ತಂದು ಕೂಡಿಸಿ, ಹಾಕಲು ಕಾಳಿಲ್ಲದಿದ್ದರೆ ನಗೆಪಾಟಲು.

ಹೆಸರು ಬರೆಸುವ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲೆ ಇದೆ. ಇವತ್ತು ಬೆಳಿಗ್ಗೆ ನೋಡಿದಾಗ ಹದಿನೇಳು ಹೆಸರು ಇದ್ದವು. ಅದರಲ್ಲಿ ನಾಲ್ಕು ತಾಯಂದಿರದು, ಮೊನ್ನೆ ನಮ್ಮನ್ನು ಪ್ರಶ್ನೆ ಕೇಳಿದವರದ್ದೂ ಇದೆ. ಅವರು ಹೆಸರಿನ ಮುಂದೆ "ಯಂತ್ರದಿಂದ ಕೊಯ್ಯುವುದಾದರೆ ಮಾತ್ರ" ಅಂತ ಬರೆಸಿದ್ದಾರೆ. ನಮ್ಮ ಹೊಲದ ಕುಸುಬಿಯಲ್ಲಿ ಇಪ್ಪತ್ತು ಕಿಲೋ ಬೀಜಕ್ಕೆ ತೆಗೆದಿಟ್ಟಿದ್ದೇವೆ, ನಾಲ್ಕು ಎಕರೆಗೆ ಆಗುತ್ತದೆ. ಮೊದಲು ಬಂದವರಿಗೆ ಮೊದಲು. ರೊಕ್ಕ ಬೇಡ, ಸುಗ್ಗಿಯಾದ ಮೇಲೆ ಕೊಂಡಷ್ಟೇ ಬೀಜ ಸಂಘಕ್ಕೆ ತಿರುಗಿ ಕೊಡಬೇಕು. ಉಳಿದವರಿಗೆ ಬೀಜ ತರಿಸುವ ಜವಾಬ್ದಾರಿ ಸಂಘದ್ದು. ಊಟದ ಗಂಟೆ ಬಾರಿಸಿದರು, ನಾವು ಇಲ್ಲಿಗೆ ಮುಗಿಸುತ್ತೇವೆ.