ಹಳೇ ಫೈಲಿನಲ್ಲಿ ಸಿಕ್ಕಿಕೊಂಡ ಕನ್ನಡ

(ಹಿರಿಯೂರು ತಾಲ್ಲೂಕು ಬಬ್ಬೂರಿನಲ್ಲಿ ಮುದ್ರಕರೊಬ್ಬರು ಯುವಕರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿದರು. ನಾನು ಪೇಜ್‌ಮೇಕರ್, ಕೋರೆಲ್ ಡ್ರಾ ಕಲಿತೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ, ನೀವು ಗೋಡೆಗೆ ಅಂಟಿಸುವ ರಾಜ್ಯೋತ್ಸವದ ಪೋಸ್ಟರು, ಎಲ್ಲ ಅದರಲ್ಲೇ ಆದವು. ಇವತ್ತು ನನ್ನ ಅಂಗಡಿಯ ಒಂದು ಕಷ್ಟ ಹೇಳುತ್ತೇನೆ. ಅದು ನಿಮ್ಮದೂ ಹೌದೋ ಅಲ್ಲವೋ ನೀವೇ ಹೇಳಿ.

ಕಳೆದ ವರ್ಷ ಒಬ್ಬ ಹೆಣ್ಣುಮಗಳು ಪ್ರೆಸ್ಸಿಗೆ ಬಂದರು. ಅವರ ತಂದೆ ಮೇಷ್ಟ್ರು. ವೇದಾವತಿ ದಡದ ಹಳ್ಳಿಗಳನ್ನು ಸುತ್ತಿ, ಅಜ್ಜಿಯಂದಿರ ಮುಂದೆ ಕೂತು ಸೋಬಾನೆ ಪದ ಬರೆದುಕೊಂಡವರು. 2003ರಲ್ಲಿ ಆ ಪುಸ್ತಕ ಮಾಡಿಕೊಟ್ಟವನು ನಾನೇ. ಮೇಷ್ಟ್ರು ಈಗಿಲ್ಲ. ಹಾಡಿದ ಅಜ್ಜಿಯರೂ ಇಲ್ಲ. ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿದೆ. “ಅಣ್ಣಾ, ನಿಮ್ಮ ಹತ್ರ ಫೈಲ್ ಇರಬೇಕಲ್ಲ, ಇನ್ನೂರು ಪ್ರತಿ ಹಾಕಿಕೊಡಿ” ಅಂದರು.

ಸಿಡಿ ಸಿಕ್ಕಿತು. ಹೊಸ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಫೈಲು ತೆರೆಯಲೇ ಇಲ್ಲ. ಜೊತೆಗಿದ್ದ ಬರಹದ ಫೈಲು ತೆರೆದೆ. ಒಂದೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅಡ್ಡಗೆರೆ. ಆಯಮ್ಮ ಪರದೆ ನೋಡಿ “ಇದು ನಮ್ಮಪ್ಪ ಬರೆದದ್ದಾ?” ಅಂದರು. ನಾನು ತಲೆ ತಗ್ಗಿಸಿದೆ.

ಹೀಗೇಕಾಯಿತು? ಕಾರಣ ಎರಡು.

ಮೊದಲನೆಯದು ಯಂತ್ರದ್ದು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಕಂಪನಿ ಅದನ್ನು ಬೆಳೆಸಲಿಲ್ಲ. ವಿಂಡೋಸ್ ಮಾತ್ರ ಬದಲಾಗುತ್ತಲೇ ಹೋಯಿತು. ಎಕ್ಸ್‌ಪಿಗೆ ಬೆಂಬಲ 2014ರಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರಲ್ಲಿ. ವಿಂಡೋಸ್ 11 ಅಂತೂ 64 ಬಿಟ್ಟಿನದು ಮಾತ್ರ. ಕೋರೆಲ್ ಡ್ರಾ 5ರಂಥ ಹಳೆಯ 16 ಬಿಟ್ ತಂತ್ರಾಂಶ ಅದರಲ್ಲಿ ನೇರವಾಗಿ ಓಡುವುದೇ ಇಲ್ಲ. ಇನ್ನು ಕೆಲವು ಕನ್ನಡ ತಂತ್ರಾಂಶಗಳಿಗೆ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಇರುತ್ತಿತ್ತು. ಈಗಿನ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ!

ಎರಡನೆಯದು ನಮ್ಮ ಲಿಪಿಯದು. ಆಗಿನ ನುಡಿ, ಬರಹದಂಥ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಆಕಾರವನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಫಾಂಟ್ ಹೋದರೆ ಕನ್ನಡವೂ ಹೋಯಿತು. ಅವನ್ನು ಮಾಡಿದವರನ್ನು ಬೈಯಬೇಡಿ. ಅಂದು ಅವು ಇಲ್ಲದಿದ್ದರೆ ನನ್ನಂಥವನ ಪ್ರೆಸ್ ನಡೆಯುತ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ 1991ರಲ್ಲೇ ಸಿಕ್ಕಿತ್ತು. ಆದರೆ ಪೇಜ್‌ಮೇಕರ್ ಆ ಮನೆಗೆ ಕೊನೆವರೆಗೂ ಕಾಲಿಡಲಿಲ್ಲ. ನಾವು ಮುದ್ರಕರೂ ಬಾಡಿಗೆ ಮನೆಯಲ್ಲೇ ಹಾಯಾಗಿದ್ದೆವು. ತಪ್ಪು ನಮ್ಮದೂ ಇದೆ.

ಕೊನೆಗೆ ಆ ಪುಸ್ತಕ ಉಳಿಯಿತು. ಹೇಗೆ ಅಂದರೆ, ವರ್ಚುವಲ್‌ಬಾಕ್ಸ್ ಅನ್ನುವ ಉಚಿತ ತಂತ್ರಾಂಶ ಹಾಕಿದೆ. ಅದು ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರನ್ನು ಕಟ್ಟಿಕೊಡುತ್ತದೆ. ಅದರಲ್ಲಿ ನನ್ನ ಹಳೇ ಎಕ್ಸ್‌ಪಿ ಹಾಕಿ, ವೈರಸ್ ಬಾರದಂತೆ ಇಂಟರ್‌ನೆಟ್ ತಪ್ಪಿಸಿ, ಪೇಜ್‌ಮೇಕರ್ ಮತ್ತು ಅದೇ ಹಳೇ ಫಾಂಟ್ ಕೂರಿಸಿದೆ. ಫೈಲು ತೆರೆಯಿತು! ಬರಹವನ್ನು ಹೊರತೆಗೆದು ಯೂನಿಕೋಡ್‌ಗೆ ಪರಿವರ್ತಿಸಿದೆ. ಆಮೇಲೆ ಆಯಮ್ಮನೂ ನಾನೂ ಮೂರು ವಾರ ಕರಡು ತಿದ್ದಿದೆವು. ಯಾಕೆಂದರೆ ‘ಧರ್ಮ’ ಬರೆದಾಗ ಅರ್ಕಾವೊತ್ತು ಕಣ್ಣಿಗೆ ಮಕಾರದ ನಂತರ ಕಾಣುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇಂಥಲ್ಲಿ ಎಡವುತ್ತದೆ. ಹಾಡು ಬಲ್ಲವರ ಕಣ್ಣೇ ಬೇಕು.

ಪುಟ ಕಟ್ಟಲು ಹೊಸ ದಾರಿಗಳಿವೆ. ಇನ್‌ಡಿಸೈನ್ 2012ರ ಸಿಎಸ್6ರಿಂದ ಕನ್ನಡದ ಒತ್ತಕ್ಷರ ಬಲ್ಲದು, ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳಬೇಕು ಅಷ್ಟೆ. ದುಡ್ಡಿಲ್ಲವೇ? ಸ್ಕ್ರೈಬಸ್ ಉಚಿತ. 2024ರಲ್ಲಿ ಬಂದ ಅದರ 1.6ರಲ್ಲಿ ಕನ್ನಡ ಕೂರುತ್ತದೆ.

ನಗರದ ತಮ್ಮಂದಿರೇ, ತಂಗಿಯರೇ, ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ನೀವು ಬೀದಿಗಿಳಿಯುತ್ತೀರಿ. ಇಳಿಯಲೇಬೇಕು, ನಾನೂ ಬರುತ್ತೇನೆ. ಆದರೆ ಬೋರ್ಡಿನ ಮೇಲಿನ ಕನ್ನಡ ಮಾತ್ರ ಉಳಿದು ಪೆಟ್ಟಿಗೆಯೊಳಗಿನ ಕನ್ನಡ ಕೊಳೆತರೆ ಗೆದ್ದದ್ದೇನು? ಊರೂರಿನ ಪ್ರೆಸ್ಸುಗಳ ಅಟ್ಟದ ಮೇಲೆ ಸಿಡಿಗಳಿವೆ, ಫ್ಲಾಪಿಗಳಿವೆ. ಸ್ಮರಣ ಸಂಚಿಕೆ, ಊರಿನ ಚರಿತ್ರೆ, ಯಾರದೋ ಒಂದೇ ಒಂದು ಕವನ ಸಂಕಲನ ಅದರಲ್ಲಿವೆ. ಸಿಡಿಗೂ ಆಯುಸ್ಸಿದೆ. ನಮಗೂ ಇದೆ.

ನಿಮಗೆ ಕಂಪ್ಯೂಟರ್ ಗೊತ್ತು, ನಮಗೆ ಫೈಲು ಎಲ್ಲಿದೆ ಎಂದು ಗೊತ್ತು. ಈ ಯುಗಾದಿಗೆ ಊರಿಗೆ ಹೋದಾಗ ನಿಮ್ಮೂರಿನ ಪ್ರೆಸ್ಸಿಗೆ ಹೋಗಿ, “ಅಣ್ಣಾ, ಹಳೇ ಸಿಡಿ ಇದೆಯಾ?” ಎಂದು ಕೇಳಿ. ಒಂದು ಪುಸ್ತಕ ಉಳಿಸಿಕೊಡಿ.

ಆಯಮ್ಮ ಇನ್ನೂರು ಪ್ರತಿ ತೆಗೆದುಕೊಂಡು ಹೋದರು. ಒಂದು ನನ್ನ ಮೇಜಿನ ಮೇಲಿದೆ. ಬಬ್ಬೂರಿಗೆ ಬಂದರೆ ನೋಡಿಕೊಂಡು ಹೋಗಿ.