ತಕ್ಕಡಿ ಯಾರ ಕೈಯಲ್ಲಿರಬೇಕು?

(ಸಂಗೊಳ್ಳಿಯಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಲಪ್ರಭೆಯ ದಂಡೆಯ ಈ ಊರಿಗೆ ಬಂದವರು ರಾಯಣ್ಣನನ್ನು ನೆನೆಯದೆ ಮಾತು ತೆಗೆಯುವುದಿಲ್ಲ. ನಾವೂ ನೆನೆಯುತ್ತೇವೆ. ಆತನ ಖಡ್ಗದ ಕಥೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಖಡ್ಗ ಒರೆಯಿಂದ ಹೊರಬೀಳಲು ಕಾರಣವಾದ ಒಂದು ಸರಕಾರಿ ತೀರ್ಮಾನದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಮಕ್ಕಳಿರಲಿಲ್ಲ, ದತ್ತಕ ತೆಗೆದುಕೊಂಡಿದ್ದರು. ಆ ದತ್ತಕ ಖರೆಯೋ ಸುಳ್ಳೋ ಎಂದು ನಿರ್ಣಯಿಸಲು ಕುಳಿತವನು ಧಾರವಾಡದ ಕಲೆಕ್ಟರ ಥ್ಯಾಕರೆ. ಸುಳ್ಳೆಂದಾದರೆ ಸಂಸ್ಥಾನ ಯಾರ ಪಾಲು? ಥ್ಯಾಕರೆಯ ಧಣಿಯಾದ ಕಂಪನಿಯ ಪಾಲು. ಅಂದರೆ ಲಾಭ ಹೊಂದುವವರ ನೌಕರನೇ ನ್ಯಾಯ ಹೇಳುವವನೂ ಆದ. ಸುಳ್ಳೆಂದೇ ಹೇಳಿದ. ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಅವನು ಸತ್ತ. ಆದರೆ ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಕಣ್ಣು ಮುಚ್ಚಿದರು. 1831ರಲ್ಲಿ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು.

ಪೇಟೆಗೆ ಹತ್ತಿ ತಂದ ರೈತನನ್ನು ಕೇಳಿರಿ: ಕೊಳ್ಳುವವನೇ ತಕ್ಕಡಿ ಹಿಡಿದರೆ ಏನಾಗುತ್ತದೆ? ಅವನು ಸತ್ಯವಂತನೇ ಇರಬಹುದು. ಆದರೂ ರೈತ ನಿಶ್ಚಿಂತೆಯಿಂದ ಗಾಡಿ ಹೊಡೆದುಕೊಂಡು ಊರಿಗೆ ಹೋಗಲಾರ. ರಾಜ್ಯಭಾರದಲ್ಲಿಯೂ ಇದೇ ಮಾತು. ಅಧಿಕಾರ ನಡೆಸುವವನ ಕೈಯಲ್ಲಿಯೇ ಆ ಅಧಿಕಾರವನ್ನು ತೂಗುವ ತಕ್ಕಡಿಯೂ ಇರಬಾರದು.

ಕಂಪನಿ ಹೋಯಿತು, ಬ್ರಿಟಿಷರೂ ಹೋದರು. ಆ ಚಾಳಿ ಹೋಯಿತೇ? ನಮ್ಮ ಧಾರವಾಡ ಸೀಮೆಯವರೇ ಆದ ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದರು. ಮರುವರ್ಷ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರು 19ರಂದು ದಿಲ್ಲಿಗೆ ವರದಿ ಕಳಿಸಿದರು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮಗೆ ತಪ್ಪು ತಿಳಿಸಿ ಸಹಿ ಮಾಡಿಸಿಕೊಂಡಿದ್ದಾರೆ, ತಾವು ಸರಕಾರದ ಕಡೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿಯವರು, 27ಕ್ಕೆ ವಿಧಾನಸಭೆ ಕರೆಯುತ್ತೇವೆ, ಅಲ್ಲಿಯೇ ತಲೆ ಎಣಿಸಿರಿ ಎಂದರು. ಒಂದು ವಾರದ ಮಾತು. ಅಷ್ಟೂ ತಡೆಯಲಿಲ್ಲ. 21ರಂದು 356ನೆಯ ಕಲಮಿನ ಮೇರೆಗೆ ಸರಕಾರವೂ ಹೋಯಿತು, ಸಭೆಯೂ ಹೋಯಿತು. ದಿಲ್ಲಿಯಲ್ಲಿ ಆಗ ಎದುರು ಪಕ್ಷವಾದ ಕಾಂಗ್ರೆಸ್ಸಿನ ಸರಕಾರ. ಇಲ್ಲಿಯೂ ಕೊಳ್ಳುವವನೇ ತೂಗಿದ.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಕುಳಿತರೆ ನಾವು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1977ರಲ್ಲಿ ದಿಲ್ಲಿಯ ಗಾದಿ ಏರಿದ ಜನತಾ ಸರಕಾರದಲ್ಲಿ ಸಮಾಜವಾದಿಗಳೂ ಇದ್ದರು. ತುರ್ತು ಪರಿಸ್ಥಿತಿಯ ಸೆರೆಮನೆಯಿಂದ ಆಗತಾನೆ ಹೊರಬಂದವರು. ಆ ಸರಕಾರವೇ ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರಕಾರಗಳನ್ನು ಒಮ್ಮೆಲೇ ಕಿತ್ತುಹಾಕಿತು. ಡಿಸೆಂಬರ 31ರಂದು ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಸರಕಾರವನ್ನೂ ಕಿತ್ತಿತು. ಎರಡೇ ತಿಂಗಳಲ್ಲಿ ಜನರು ಅರಸರನ್ನೇ ಮತ್ತೆ ಆರಿಸಿ ಕಳಿಸಿದರು. ತಕ್ಕಡಿ ನಮ್ಮವರ ಕೈಗೆ ಬಂದಾಗ ನಮ್ಮವರೂ ಹೆಬ್ಬೆಟ್ಟು ಒತ್ತಿದರು. ಆದ್ದರಿಂದ, ಒಳ್ಳೆಯವರು ಕುಳಿತರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾವು ನಂಬುವುದಿಲ್ಲ, ನೀವೂ ನಂಬಬೇಡಿರಿ.

ಬೊಮ್ಮಾಯಿಯವರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಕರ್ನಾಟಕದಲ್ಲಿ ನಡೆದದ್ದು ಸಂವಿಧಾನಕ್ಕೆ ವಿರುದ್ಧ, ಬಹುಮತವನ್ನು ಎಣಿಸಬೇಕಾದ ಜಾಗ ವಿಧಾನಸಭೆ, ರಾಜಭವನವಲ್ಲ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ಕೋರ್ಟು ಪರೀಕ್ಷಿಸಬಹುದು, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಆದರೆ ಅಷ್ಟರಲ್ಲಿ ಐದು ವರ್ಷ ಕಳೆದು, ಚುನಾವಣೆ ನಡೆದು, ಬೇರೆ ಸರಕಾರ ಬಂದಾಗಿತ್ತು. ಬೊಮ್ಮಾಯಿಯವರ ಮಟ್ಟಿಗೆ ಅದು ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಮುಂದಿನವರಿಗೆ ಮಾತ್ರ ಆ ಬಾಗಿಲು ಉಪಯೋಗಕ್ಕೆ ಬಂದಿತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು ಹದಿನೈದು ದಿನ ಕೊಟ್ಟಿದ್ದರು. ನಾಳೆಯೇ ತೋರಿಸಿರಿ ಎಂದಿತು ಸುಪ್ರೀಂ ಕೋರ್ಟು. ಮತ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಇದೆಲ್ಲ ದೊಡ್ಡವರ ಕುರ್ಚಿಯ ಜಗಳ, ಕೂಲಿಕಾರನಿಗೆ ಏನು ಸಂಬಂಧ ಎಂದು ಗಿರಣಿಯ ಗೆಳೆಯರು ಕೇಳಬಹುದು. ಅದಕ್ಕೆ ಅಮೆರಿಕದ ಒಂದು ಸಂಗತಿ ಹೇಳುತ್ತೇವೆ. 1952ರಲ್ಲಿ ಕೊರಿಯಾದ ಯುದ್ಧ ನಡೆದಿತ್ತು. ಉಕ್ಕಿನ ಕಾರಖಾನೆಗಳ ಕಾರ್ಮಿಕರು ಪಗಾರದ ಸಲುವಾಗಿ ಸಂಪಿಗೆ ಸಿದ್ಧರಾದರು. ಅಧ್ಯಕ್ಷ ಟ್ರೂಮನ್ ಒಂದೇ ಹುಕುಮಿನಿಂದ ಕಾರಖಾನೆಗಳನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ಮಾಲಕರು ಕೋರ್ಟಿಗೆ ಹೋದರು. ಕಾಯಿದೆ ಮಾಡುವುದು ಕಾಂಗ್ರೆಸ್ ಸಭೆಯ ಕೆಲಸ, ಅಧ್ಯಕ್ಷನದಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು ಮೂವರ ವಿರುದ್ಧ ಆರು ಮತಗಳಿಂದ ಆ ಹುಕುಮನ್ನು ರದ್ದು ಮಾಡಿತು. ಗೆದ್ದವರು ಮಾಲಕರಲ್ಲವೇ, ಸಮಾಜವಾದಿಗಳು ಅದನ್ನು ಹೊಗಳುವುದೇ? ಕೇಳುವ ಪ್ರಶ್ನೆಯೇ. ಗಿರಣಿಗಳು ಸಮಾಜದ ಸ್ವತ್ತಾಗಲಿ ಎಂಬುದು ನಮ್ಮ ಬೇಡಿಕೆ. ಆದರೆ ಅದು ಜನ ಆರಿಸಿದ ಸಭೆಯಲ್ಲಿ ಚರ್ಚೆಯಾಗಿ, ಕಾಯಿದೆಯಾಗಿ ಬರಬೇಕು. ಇಂದು ಮಾಲಕನ ಗಿರಣಿಯನ್ನು ಒಂದು ಸಹಿಯಿಂದ ಹಿಡಿದವನು ನಾಳೆ ಅದೇ ಸಹಿಯಿಂದ ನಿಮ್ಮ ಸಂಪನ್ನು ಮುರಿಯುತ್ತಾನೆ.

ಮುರಿದದ್ದನ್ನೂ ನಾವು ಕಂಡಿದ್ದೇವೆ. 1974ರ ಮೇ ತಿಂಗಳ ರೇಲ್ವೆ ಸಂಪಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರೂ ಸಾವಿರಾರು ಕಾರ್ಮಿಕರೂ ಸೆರೆಮನೆ ಸೇರಿದರು. ಮರುವರ್ಷ ಜೂನ 25ಕ್ಕೆ ತುರ್ತು ಪರಿಸ್ಥಿತಿ ಬಂದಿತು. ಮೂರೇ ತಿಂಗಳಲ್ಲಿ ಒಂದು ಸುಗ್ರೀವಾಜ್ಞೆ ಹೊರಟು ಕಾರ್ಮಿಕನ ಕನಿಷ್ಠ ಬೋನಸ್ಸು ಶೇಕಡಾ 8.33ರಿಂದ 4ಕ್ಕೆ ಇಳಿಯಿತು. ಕೇಳುವವರಿರಲಿಲ್ಲ, ಕೇಳುವವರು ಒಳಗಿದ್ದರು. ನಮ್ಮ ಸ್ನೇಹಲತಾ ರೆಡ್ಡಿಯವರು ಬೆಂಗಳೂರ ಸೆರೆಮನೆಯಲ್ಲಿ ಅಸ್ತಮಾದಿಂದ ಜರ್ಜರಿತರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಕೋರ್ಟು ಕೂಡ ಆಗ ಕೈಚೆಲ್ಲಿತ್ತು. ಬಂಧಿತನಿಗೆ ಕೋರ್ಟಿನ ಬಾಗಿಲು ಬಡಿಯುವ ಹಕ್ಕೇ ಇಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಒಪ್ಪದೆ ನಿಂತವರು ಎಚ್. ಆರ್. ಖನ್ನಾ ಒಬ್ಬರೇ. ಕೊನೆಗೆ ತೂಗಿದವರು 1977ರ ಮತದಾರರು.

ಅಂಗಡಿಕಾರ ಬಂಧುಗಳಿಗೆ 2016ರ ನವೆಂಬರ 8ರ ರಾತ್ರಿ ನೆನಪಿರಲೇಬೇಕು. ಚಲಾವಣೆಯಲ್ಲಿದ್ದ ಹಣದಲ್ಲಿ ಶೇಕಡಾ 86ರಷ್ಟು ಬೆಲೆಯ ನೋಟುಗಳು ಆ ಒಂದು ರಾತ್ರಿಯಲ್ಲಿ ಕಾಗದವಾದವು. ಗಲ್ಲಾ ಬಿಟ್ಟು ನೀವು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತಿರಿ. 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ನಾಲ್ವರು ಅದು ಕ್ರಮಬದ್ಧವೆಂದರು. ಒಪ್ಪದವರು ನಮ್ಮ ಕನ್ನಡತಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಒಬ್ಬರೇ. ಸರಕಾರಕ್ಕೆ ಅದು ಬೇಕಾಗಿದ್ದರೆ ಸಂಸತ್ತಿನಲ್ಲಿ ಕಾಯಿದೆ ತರಬೇಕಿತ್ತು, ಗೆಜೆಟ್ಟಿನ ಒಂದು ಪ್ರಕಟಣೆ ಸಾಲದು ಎಂದರು. ಅವರ ಮಾತು ಗೆಲ್ಲಲಿಲ್ಲ. ಆದರೂ ಬರೆದಿಟ್ಟ ಮಾತು ಉಳಿದಿದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಯಾವ ಸಾಹೇಬರು ಬಂದು ಅಂಗಡಿ ತೆಗೆಯೆಂದರೂ, ಸಭೆ ನಡೆಸಬೇಡವೆಂದರೂ ಮೂರು ಮಾತು ಕೇಳಿರಿ. ಲಿಖಿತ ಹುಕುಮು ಎಲ್ಲಿದೆ? ಯಾವ ಕಾಯಿದೆಯ ಯಾವ ಕಲಮು? ಇದರ ಮೇಲೆ ಅಪೀಲು ಯಾರ ಮುಂದೆ? ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ಹತ್ತು ರೂಪಾಯಿಯ ಅರ್ಜಿ ಹಾಕಿರಿ. ಅರ್ಜಿ ಬರೆಯಲು ಬಾರದವರು ನಮ್ಮ ಹತ್ತಿರ ಬನ್ನಿರಿ. ಮಾಸ್ತರಿಕೆ ಬಿಟ್ಟರೂ ಬರೆಯುವುದು ಮರೆತಿಲ್ಲ. ಗ್ರಾಮಸಭೆ ತಪ್ಪಿಸಬೇಡಿರಿ. ಇದೇ ಮೂರು ಪ್ರಶ್ನೆಗಳನ್ನು ನಿಮ್ಮ ಸಂಘದ ಪದಾಧಿಕಾರಿಗಳಿಗೂ, ನಮ್ಮ ಪಕ್ಷಕ್ಕೂ, ನಮಗೂ ಕೇಳಿರಿ.

ಥ್ಯಾಕರೆಯನ್ನು ಹೀಗೆ ಕೇಳಲು ಕಿತ್ತೂರಿನವರಿಗೆ ಜಾಗವಿರಲಿಲ್ಲ. ಅದಕ್ಕಾಗಿ ಅವರು ರಕ್ತ ಕೊಟ್ಟರು. ನಮಗೆ ಜಾಗವಿದೆ. ಅದನ್ನು ಖಾಲಿ ಬಿಡುವುದು ಬೇಡ.